ಹಳೇ ಜೀಪಿನ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸದೆ ಸರಿಯಾಯಿತು

ನನ್ನ ಹಳೇ ಡೀಸೆಲ್ ಜೀಪಿನಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಹಿಂಬದಿಯ ಕ್ರ್ಯಾಂಕ್ ಸೀಲ್ (ತಿರುಗುವ ಕ್ರ್ಯಾಂಕ್ ದಂಡದ ಸುತ್ತ ಆಯಿಲ್ ತಡೆಯುವ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರು ಮೆಕ್ಯಾನಿಕ್. ಆದರೆ ಆಯಿಲ್ ಮೇಲಿಂದ ಇಳಿದು ಬರುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ತೊಟ್ಟಿಕ್ಕುವ ಕಡೆಯೇ ಲೀಕ್ ಇರಬೇಕು ಅಂತೇನಿಲ್ಲ ಅಲ್ವಾ? ತಣ್ಣಗಿದ್ದ ಇಂಜಿನ್ನನ್ನು ಸೀಮೆಎಣ್ಣೆ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಅನುಮಾನ ಇದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದೆ. ಒದ್ದೆ ಗೆರೆ ಶುರುವಾಗಿದ್ದು ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳದ, ಹಿಂದಿನ ಮೂಲೆಯಲ್ಲಿ! ಅಲ್ಲಿ ಸಂದು ಮುಚ್ಚುವ ಕಾರ್ಕ್ ಪಟ್ಟಿ (ಗ್ಯಾಸ್ಕೆಟ್) ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಸುಮ್ನೆ ಗ್ಯಾಸ್ಕೆಟ್ ಬದಲಿಸಿ ಬಿಡಬೇಡಿ, ಇಂಜಿನ್ನಿನೊಳಗಿನ ಒತ್ತಡ ಹೊರಹೋಗುವ ಬ್ರೀದರ್ ಪೈಪ್ ಕೂಡ ಬಿಚ್ಚಿ ನೋಡಿ. ನನ್ನದರಲ್ಲಿ ಕಪ್ಪು ಜಿಡ್ಡು ಕಟ್ಟಿತ್ತು. ಆ ಪೈಪ್ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊಸ ಗ್ಯಾಸ್ಕೆಟ್ಟಿನಿಂದಲೂ ಆಯಿಲ್ ಹೊರಗೆ ದಬ್ಬುತ್ತದೆ. ಬೋಲ್ಟ್‌ಗಳನ್ನು ಒಂದೇ ಸಮನಾಗಿ ಬಿಗಿಯಿರಿ, ಜಾಸ್ತಿ ಬಿಗಿದರೆ ಕಾರ್ಕ್ ಹರಿಯುತ್ತದೆ.