486ರಲ್ಲಿ ಸೀರಿಯಲ್ ಮೌಸ್ ಓಡಿಸಿದ್ದು: ನನ್ನ ಅನುಭವ

ನನ್ನ ಹಳೆ 486 ಕಂಪ್ಯೂಟರಿನಲ್ಲಿ ಕೊನೆಗೂ ಮೌಸ್ ಓಡುತ್ತಿದೆ. ಆಪರೇಟಿಂಗ್ ಸಿಸ್ಟಮ್ ಡಾಸ್ 6.22, ಮೌಸ್ ಸೀರಿಯಲ್ ಪೋರ್ಟಿಗೆ ಹಾಕುವ ಹಳೆ ಬಗೆಯದು. "ಪೋರ್ಟ್ ಸುಟ್ಟಿದೆ, ಐ/ಓ ಕಾರ್ಡ್ ಬದಲಾಯಿಸು" ಅಂತ ಗೆಳೆಯರೆಲ್ಲ ಹೇಳಿದ್ದರು. ಪೋರ್ಟುಗಳಿರುವ ಆ ಕಾರ್ಡ್ ಅದೇ ಇದೆ.

ಮೊದಲು ದುಡ್ಡು ಹೋಗಿದ್ದು ಅಡಾಪ್ಟರಿಗೆ. ಮನೆಯಲ್ಲಿ ದುಂಡು ಪ್ಲಗ್ಗಿನ ಪಿಎಸ್/2 ಮೌಸ್ ಇತ್ತು, ಅದನ್ನು ಸೀರಿಯಲ್ ಪೋರ್ಟಿಗೆ ಕೂರಿಸಲು 9 ಪಿನ್ನಿನ ಅಡಾಪ್ಟರ್ ತಂದೆ. ಆಗಲಿಲ್ಲ. ಇನ್ನೊಂದು ತಂದೆ, ಅದೂ ಅಷ್ಟೇ. ಬಿಚ್ಚಿ ನೋಡಿದರೆ ಒಳಗೆ ಬರೀ ವೈರು, ಚಿಪ್ಪೇ ಇಲ್ಲ! ಸೀರಿಯಲ್ ಭಾಷೆ ಮೌಸಿಗೇ ಗೊತ್ತಿರಬೇಕು. ಆ ಎರಡರ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಸೀರಿಯಲ್ ಮೌಸೇ ಬರುತ್ತಿತ್ತು. ಕೊನೆಗೆ ಅದನ್ನೇ ತಂದೆ.

ಡ್ರೈವರಿಗೆ ಸಿಟಿಮೌಸ್ (ಡಾಸ್‌ನಲ್ಲಿ ಮೌಸ್ ಓಡಿಸುವ ಪುಟ್ಟ ಪ್ರೋಗ್ರಾಮ್) ಹಾಕಿದೆ. ಮೆಮೊರಿಯಲ್ಲಿ ಮೂರು, ಮೂರೂವರೆ ಕೆಬಿ ಅಷ್ಟೇ ಹಿಡಿಯುತ್ತೆ. ಕಾಮ್ 1ರಲ್ಲಿ, ಅಂದರೆ ಮೊದಲ ಸೀರಿಯಲ್ ಪೋರ್ಟಿನಲ್ಲಿ, ಮೌಸ್ ಸಿಕ್ಕಿತು ಅಂತ ತೋರಿಸಿತು. ಡಾಸ್‌ನ ಎಡಿಟ್ ಪ್ರೋಗ್ರಾಮ್ ತೆರೆದರೆ ಮೌಸ್ ಗುರುತಿನ ಚೌಕ ಪರದೆ ನಡುವೆ ನಿಂತಿದೆ, ಅಲ್ಲಾಡೋದೇ ಇಲ್ಲ. ಎರಡು ಭಾನುವಾರ ಇಲ್ಲೇ ಕಳೆದವು. ಮೌಸಿನ ಬುಡದಲ್ಲಿ ಅದರ ಬಗೆ ಆರಿಸುವ ಎಂಎಸ್/ಪಿಸಿ ಸ್ವಿಚ್ ಆಚೆ ಈಚೆ ಮಾಡಿದೆ. ರೋಲರಿಗೆ ಸುತ್ತಿದ್ದ ಕಪ್ಪು ಕೊಳೆಯನ್ನು ಉಗುರಿಂದ ಕೆರೆದು ತೆಗೆದೆ. ಏನೂ ಆಗಲಿಲ್ಲ.

ಆಮೇಲೆ ಹೊಳೆಯಿತು. ಮೌಸ್ ಸಿಕ್ಕಿದೆ, ಆದರೆ ಓಡಲ್ಲ ಅಂದರೆ ಪೋರ್ಟ್ ಜೀವಂತ ಇದೆ, ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಮಾತ್ರ ತಲುಪುತ್ತಿಲ್ಲ, ಅಲ್ವಾ? ಒಳಗಿನ ಮೋಡೆಮ್ ಕಾಮ್ 3ರಲ್ಲಿ ಕೂತಿತ್ತು. ಕಾಮ್ 1, ಕಾಮ್ 3 ಎರಡಕ್ಕೂ ಒಂದೇ ಇಂಟರಪ್ಟ್ ಲೈನು, ಐಆರ್‌ಕ್ಯೂ 4. ಮೋಡೆಮ್ ಕಿತ್ತೆ, ಚೌಕ ಓಡಿತು!

ಆದರೆ ಮೋಡೆಮ್ ನನಗೆ ಬೇಕಿತ್ತು. ಹಾಗಾಗಿ ಮೌಸನ್ನು ಕಾಮ್ 2ಕ್ಕೆ ಹಾಕಿದೆ, ಅದರದ್ದು ಐಆರ್‌ಕ್ಯೂ 3. ಆ ಪೋರ್ಟ್ 25 ಪಿನ್ನಿನದು. 9ರಿಂದ 25ರ ಕನ್ವರ್ಟರ್ ತಂದೆ. ಇಷ್ಟರಲ್ಲಿ ದಂಡವಾಗದ ಖರೀದಿ ಅಂದರೆ ಮೌಸ್ ಬಿಟ್ಟರೆ ಇದೊಂದೇ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಡ್ರೈವರ್ ಇಲ್ಲದೆ, ಪೋರ್ಟಿಗೆ ಬಂದ ಅಕ್ಷರ ತೋರಿಸುವ ಟರ್ಮಿನಲ್ ಪ್ರೋಗ್ರಾಮನ್ನು ಕಾಮ್ 2ಕ್ಕೆ 1200 ಬಾಡ್ ವೇಗ, 7 ಬಿಟ್ ಇಟ್ಟು ತೆರೆದೆ. ಪರದೆ ಮೇಲೆ ಇಂಗ್ಲಿಷಿನ 'ಎಂ' ಅಕ್ಷರ ಬಂತು. ಅದು ಮೌಸ್ ತನ್ನ ಪರಿಚಯ ಹೇಳುವ ರೀತಿ. ಮೌಸ್ ಸರಿಸಿದರೆ ಸಾಲು ಸಾಲು ಚಿತ್ರವಿಚಿತ್ರ ಅಕ್ಷರ. ನೋಡಿ ಎಷ್ಟು ಖುಷಿಯಾಯಿತೋ! ಅಡಾಪ್ಟರ್ ಹಾಕಿದ ಪಿಎಸ್/2 ಮೌಸಿಂದ ಒಂದಕ್ಷರವೂ ಬರಲಿಲ್ಲ. ಹಳೆ ಮೌಸ್ ಕೊಳ್ಳುವ ಮುಂಚೆ ನಾನೀಗ ಇದನ್ನೇ ಮಾಡುತ್ತೇನೆ.

ಕಂಪ್ಯೂಟರ್ ಶುರುವಾದಾಗ ತಾನೇ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಲೋಡ್‌ಹೈ (ಮೇಲಿನ ಮೆಮೊರಿಗೆ ಹಾಕುವ ಆದೇಶ) ಜೊತೆ ಸಿಟಿಮೌಸ್, ಕಾಮ್ 2 ಅಂತ ಹೇಳಲು ಸ್ಲ್ಯಾಶ್ ಎಸ್ 2 ಕೊಟ್ಟಿದ್ದೇನೆ. ಸಿಡಿ ಡ್ರೈವರ್ ಇದ್ದೂ ಡಾಸ್‌ನ ಮೂಲ ಮೆಮೊರಿ 640 ಕೆಬಿಯಲ್ಲಿ 610 ಕೆಬಿ ಹತ್ತಿರ ಖಾಲಿ ಉಳಿದಿದೆ.