‘ಎಸ್ ಎಲ್ಲಿಗೆ ಹೋಯ್ತು ಮಿಸ್?’

‘ಮೈ ಗ್ರ್ಯಾಂಡ್‌ಮದರ್ ಡಸ್ ನಾಟ್ ಈಟ್ಸ್ ರೈಸ್.’

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಈ ವಾಕ್ಯವನ್ನು ಎಷ್ಟು ನೋಟ್‌ಬುಕ್‌ಗಳಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ಒಂದರಲ್ಲಿ ಅಜ್ಜಿ, ಇನ್ನೊಂದರಲ್ಲಿ ಅಪ್ಪ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಕಾಫಿ. ತಪ್ಪು ಮಾತ್ರ ಅದೇ. ಈಟ್ಸ್‌ನ ಎಸ್ಸನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿದರೆ ಮುಂದಿನ ವಾರ ಮತ್ತೆ ಬಂದು ಕೂತಿರುತ್ತಿತ್ತು.

ಸೂತ್ರ ಕಲಿಸಿರಲಿಲ್ಲ ಅಂತಲ್ಲ. ಸಬ್ಜೆಕ್ಟ್, ಆಮೇಲೆ ಡು ಇಲ್ಲವೇ ಡಸ್, ಆಮೇಲೆ ನಾಟ್, ಆಮೇಲೆ ಕ್ರಿಯಾಪದದ ಮೊದಲ ರೂಪ. ಬೋರ್ಡಿನ ಮೇಲೆ ಚೌಕ ಹಾಕಿ ಬರೆಸಿದ್ದೆ. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು. ನನಗೂ ಹಾಗೇ ಕಲಿಸಿದ್ದರು. ನಾನು ಎ ಬಿ ಸಿ ಡಿ ಹಿಡಿದದ್ದೇ ಐದನೇ ಕ್ಲಾಸಿನಲ್ಲಿ. ಈಗಿನ ಮಕ್ಕಳು ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಓದಿಕೊಂಡು ಬರುತ್ತಾರೆ, ಆದರೂ ಒಂಬತ್ತಕ್ಕೆ ಬಂದಾಗ ಎಡವುವುದು ನಾವು ಎಡವಿದ ಕಡೆಯೇ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಮಿಸ್, ಶೀ ಈಟ್ಸ್ ಅಂದಾಗ ಎಸ್ ಇರ್ತದೆ. ಡಸ್ ನಾಟ್ ಬಂದ್ರೆ ಅದನ್ನ ತೆಗೀಬೇಕು ಅಂತೀರ. ಎಸ್ ಎಲ್ಲಿಗೆ ಹೋಯ್ತು ಮಿಸ್?’

ನಾನು ‘ರೂಲ್ ಹಾಗಿದೆ, ಕೂತ್ಕೊ’ ಅಂದುಬಿಟ್ಟೆ. ಸಂಜೆ ಬಸ್ಸಿನಲ್ಲಿ ಕೂತಾಗ ಆ ಮಾತು ಮನಸ್ಸಿಗೆ ಚುಚ್ಚಿತು. ಅವಳು ಕೇಳಿದ್ದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇತ್ತು: ಎಸ್ ಎಲ್ಲಿಗೂ ಹೋಗಿಲ್ಲ, ಡು ಮೇಲೆ ಹತ್ತಿ ಕೂತಿದೆ. ಡು ಜೊತೆ ಎಸ್ ಸೇರಿದ್ದೇ ಡಸ್. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ವರ್ಷ ಡು ಮತ್ತು ಡಸ್ ಎರಡು ಬೇರೆ ಬೇರೆ ಪದಗಳು ಎಂಬಂತೆ ಕಲಿಸಿದ್ದೆ. ‘ಐ, ವಿ, ಯು, ದೇ ಬಂದರೆ ಡು, ಹೀ, ಶೀ, ಇಟ್ ಬಂದರೆ ಡಸ್’ ಎಂದು ಪಟ್ಟಿ ಕೊಟ್ಟಿದ್ದೆನೇ ಹೊರತು ಆ ಎಸ್ಸೇ ಈ ಎಸ್ಸು ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮರುದಿನ ಪಾಠವನ್ನು ಕನ್ನಡದಿಂದ ಶುರು ಮಾಡಿದೆ. ಬೋರ್ಡಿನ ಮೇಲೆ ಬರೆದೆ: ನಾನು ಬರ್ತೀನಿ, ಅವನು ಬರ್ತಾನೆ, ಅವಳು ಬರ್ತಾಳೆ, ಅವರು ಬರ್ತಾರೆ. ‘ಈಗ ಎಲ್ಲಾನೂ ಇಲ್ಲ ಅಂತ ಹೇಳಿ’ ಅಂದೆ. ನಾನು ಬರಲ್ಲ, ಅವನು ಬರಲ್ಲ, ಅವಳು ಬರಲ್ಲ, ಅವರು ಬರಲ್ಲ. ‘ತೀನಿ, ತಾನೆ, ತಾಳೆ, ತಾರೆ ಎಲ್ಲ ಎಲ್ಲಿ ಹೋದವು?’ ಕ್ಲಾಸು ಸುಮ್ಮನಾಯಿತು. ಹುಟ್ಟಿದಾಗಿನಿಂದ ಆಡುವ ಮಾತಿನಲ್ಲೇ ಹೀಗಿದೆ ಎಂದು ಅವರು ಗಮನಿಸಿರಲಿಲ್ಲ. ನಿಷೇಧ ಬಂದ ಕೂಡಲೇ ಕನ್ನಡದ ಕ್ರಿಯಾಪದ ಗಂಡು, ಹೆಣ್ಣು, ಒಬ್ಬರು, ಹಲವರು ಎಂಬ ಗುರುತನ್ನೆಲ್ಲ ಕಳಚಿಟ್ಟು ಬರಿಮೈಯಾಗುತ್ತದೆ. ಇಂಗ್ಲಿಷಿನ ಈಟ್ ಮಾಡುವುದೂ ಅದನ್ನೇ. ಒಂದೇ ವ್ಯತ್ಯಾಸ ಏನೆಂದರೆ, ಕನ್ನಡದಲ್ಲಿ ಕಳಚಿದ ಗುರುತು ಮಾಯವಾಗುತ್ತದೆ; ಇಂಗ್ಲಿಷಿನಲ್ಲಿ ಅದನ್ನು ಡು ಎತ್ತಿಕೊಳ್ಳುತ್ತದೆ.

ಮಾತಿನಲ್ಲಿ ಹೇಳಿದ್ದು ಸಾಲದು ಅನ್ನಿಸಿ ಆಟ ಆಡಿಸಿದೆ. ಒಬ್ಬ ಹುಡುಗಿಯ ಜಡೆಯ ಕೆಂಪು ಟೇಪು ಬಿಚ್ಚಿಸಿದೆ. ಅದೇ ಎಸ್. ಮೂವರು ಮುಂದೆ ಬಂದರು: ಒಬ್ಬಳು ಶೀ, ಒಬ್ಬ ಈಟ್, ಒಬ್ಬಳು ರೈಸ್. ಶೀ ಇರುವುದರಿಂದ ಈಟ್ ಕೈಗೆ ಟೇಪು ಕಟ್ಟಿದೆವು. ಶೀ ಈಟ್ಸ್ ರೈಸ್. ಈಗ ನಾಟ್ ಬರಬೇಕು. ನಾಟ್ ಆದ ಹುಡುಗ ಸೀದಾ ಹೋಗಿ ಈಟ್ ಪಕ್ಕ ನಿಂತ. ‘ಅವನಿಗೆ ಒಬ್ಬನೇ ನಿಲ್ಲೋಕೆ ಬರಲ್ಲ, ಡು ಕೈ ಹಿಡ್ಕೊಂಡೇ ಬರ್ಬೇಕು’ ಅಂದೆ. ಡು ಎದ್ದು ಬಂತು. ಈಟ್ ಕೈಯಿಂದ ಟೇಪು ಬಿಚ್ಚಿ ಡು ಕೈಗೆ ಕಟ್ಟಿದೆವು, ಡು ಡಸ್ ಆಯಿತು. ಶೀ, ಡಸ್, ನಾಟ್, ಈಟ್, ರೈಸ್ ಸಾಲಾಗಿ ನಿಂತರು. ಈಟ್ ಆಗಿದ್ದವನು ಬರಿಗೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ‘ಟೇಪು ಎಷ್ಟಿದೆ?’ ಎಂದರೆ ‘ಒಂದೇ ಮಿಸ್!’ ಎಂದು ಇಡೀ ಕ್ಲಾಸು ಕೂಗಿತು.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಡಸ್ ನಾಟ್ ಈಟ್ಸ್ ಕಂಡರೆ ನಾನು ತಿದ್ದುವುದಿಲ್ಲ. ಅಂಚಿನಲ್ಲಿ ‘ಟೇಪು ಎಷ್ಟು?’ ಎಂದು ಬರೆಯುತ್ತೇನೆ. ಅವರೇ ತಿದ್ದಿಕೊಂಡು ಬರುತ್ತಾರೆ.

ಆದರೆ ಕನ್ನಡದ ಉದಾಹರಣೆ ಎಲ್ಲರಿಗೂ ನಾಟಲಿಲ್ಲ. ನಮ್ಮದು ಆಂಧ್ರದ ಗಡಿಗೆ ತಾಗಿದ ಸೀಮೆ. ಸ್ಕೂಲಿನಲ್ಲಿ ಕನ್ನಡ ಆಡುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು. ಒಬ್ಬ ಹುಡುಗ, ‘ಮಿಸ್, ನಮ್ಮನೇಲಿ ಹಂಗಿಲ್ಲ’ ಅಂದ. ಅವನ ಮಾತು ಸರಿ. ನೇನು ರಾನು, ವಾಡು ರಾಡು, ವಾಳ್ಳು ರಾರು: ತೆಲುಗಿನ ಈ ನಿಷೇಧದಲ್ಲಿ ಯಾರು ಎಂಬ ಗುರುತು ಕ್ರಿಯಾಪದದ ಮೇಲೇ ಉಳಿಯುತ್ತದೆ. (ನಮ್ಮ ಹಳೆಯ ಕನ್ನಡವೂ ಹಾಗೇ ಇತ್ತು: ನಾನರಿಯೆ, ಅವನರಿಯ.) ತೆಲುಗು ಮನೆಯ ಮಗುವಿಗೆ ‘ಶೀ ಡಸ್ ನಾಟ್ ಈಟ್ಸ್’ ಸಹಜವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಅವನಿಗೆ ‘ನಿನ್ನೆ ಬರಲಿಲ್ಲ ಅನ್ನೋದನ್ನ ಹೇಳು’ ಅಂದೆ. ನೇನು ರಾಲೇದು, ವಾಡು ರಾಲೇದು, ವಾಳ್ಳು ರಾಲೇದು. ‘ಎಲ್ಲಾ ಒಂದೇ ಆಯ್ತಲ್ಲ ಮಿಸ್!’ ಅಂತ ತಾನೇ ಹೇಳಿದ. ಮಗುವಿನ ಮನೆಮಾತು ಯಾವುದೆಂದು ಕೇಳಿ ತಿಳಿಯದೆ ವ್ಯಾಕರಣ ಕಲಿಸಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದು ಅವತ್ತಿನಿಂದ.

ನನ್ನನ್ನು ಬಹಳ ದಿನ ಸತಾಯಿಸಿದ ಇನ್ನೊಂದು ತಪ್ಪು ‘ಹೀ ಈಸ್ ನಾಟ್ ಕಮ್’, ‘ಐ ಆಮ್ ನಾಟ್ ಲೈಕ್’. ಇದಕ್ಕೆ ಒಂದು ಕೀಲಿ ಕೊಟ್ಟಿದ್ದೆ: ಕನ್ನಡದಲ್ಲಿ ‘ಅಲ್ಲ’ ಬಂದರೆ ಆಮ್, ಈಸ್, ಆರ್, ಕ್ರಿಯಾಪದಕ್ಕೆ ‘ಇಲ್ಲ’ ಅಂಟಿದರೆ ಡು, ಡಸ್. ಅವರು ಡಾಕ್ಟರ್ ಅಲ್ಲ, ಹೀ ಈಸ್ ನಾಟ್ ಎ ಡಾಕ್ಟರ್. ಅವರು ಕಾಫಿ ಕುಡಿಯುವುದಿಲ್ಲ, ಹೀ ಡಸ್ ನಾಟ್ ಡ್ರಿಂಕ್ ಕಾಫಿ. ಕೀಲಿ ಸರಿಯಾಗೇ ಇತ್ತು, ಆದರೂ ತಪ್ಪು ಹೆಚ್ಚಾಯಿತು. ಕಾರಣ ಹುಡುಕಲು ಒಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಯೋಚಿಸು ಅಂದೆ. ‘ಅವನು ಬರಲ್ಲ... ಬರ್, ಅಲ್ಲ... ಅಲ್ಲ ಬಂತು, ಹಂಗಾದ್ರೆ ಈಸ್ ನಾಟ್’ ಅಂದಳು. ಆಡುಮಾತಿನ ‘ಬರಲ್ಲ’ದೊಳಗೆ ‘ಇಲ್ಲ’ ಅಡಗಿ, ಕಿವಿಗೆ ಕೇಳಿಸುವುದು ‘ಅಲ್ಲ’! ಅದಕ್ಕೇ ಈಗ ಮೊದಲು ಪುಸ್ತಕದ ಕನ್ನಡದಲ್ಲಿ ಬಿಡಿಸಿ ಹೇಳಿಸುತ್ತೇನೆ: ಬರುವುದಿಲ್ಲ, ತಿನ್ನುವುದಿಲ್ಲ, ಮಾರುವುದಿಲ್ಲ. ‘ಅಪ್ಪ ಮನೇಲಿಲ್ಲ’ ಎಂಬಲ್ಲಿ ಇಲ್ಲಕ್ಕೆ ಮುಂಚೆ ಕೆಲಸದ ಮಾತೇ ಇಲ್ಲ, ಆದ್ದರಿಂದ ಈಸ್ ನಾಟ್. ‘ಬರ್ತಾ ಇಲ್ಲ’ ಅಂದರೆ ಈಗ ನಡೆಯುತ್ತಿರುವ ಮಾತು, ಅದು ಈಸ್ ನಾಟ್ ಕಮಿಂಗ್.

ಗೊತ್ತಿಲ್ಲ, ಬೇಡ, ಇಷ್ಟ ಇಲ್ಲ, ದುಡ್ಡಿಲ್ಲ. ಈ ನಾಲ್ಕು ಯಾವ ಕೀಲಿಗೂ ಬಗ್ಗವು. ಕನ್ನಡದಲ್ಲಿ ‘ನನಗೆ’, ‘ನನ್ನ ಹತ್ರ’ ಅನ್ನುತ್ತೇವೆ, ಮಾಡುವ ಕೆಲಸವೇ ಕಾಣುವುದಿಲ್ಲ. ಇಂಗ್ಲಿಷ್ ಇವೆಲ್ಲವನ್ನೂ ‘ನಾನು ಮಾಡುವ ಕೆಲಸ’ ಮಾಡಿಬಿಟ್ಟಿದೆ: ಐ ಡೋಂಟ್ ನೋ, ಐ ಡೋಂಟ್ ವಾಂಟ್, ಐ ಡೋಂಟ್ ಲೈಕ್, ಐ ಡೋಂಟ್ ಹ್ಯಾವ್ ಮನಿ. ಇವನ್ನು ಬಾಯಿಪಾಠವೇ ಮಾಡಿಸುತ್ತೇನೆ, ಸಂಕೋಚವಿಲ್ಲ. ಹ್ಯಾಸ್ ಎಂಬುದರಲ್ಲೂ ಟೇಪು ಒಳಗೇ ಹೊಲಿದಿದೆ. ಬಿಚ್ಚಿದರೆ ಹ್ಯಾವ್, ಆದ್ದರಿಂದ ಡಸ್ ನಾಟ್ ಹ್ಯಾವ್. ‘ಐ ಡು ನಾಟ್ ಡು’ ಎಂದು ಎರಡು ಡು ಬಂದರೆ ಮಕ್ಕಳು ಗಾಬರಿಯಾಗಿ ಒಂದನ್ನು ಹೊಡೆದುಹಾಕುತ್ತಾರೆ. ಮೊದಲನೆಯದು ನಾಟ್‌ಗೆ ಕೈ ಹಿಡಿದದ್ದು, ಎರಡನೆಯದು ನಿಜವಾದ ಕೆಲಸ ಎಂದರೆ ಸಾಕು. ಈ ಡು ಇಂಗ್ಲಿಷಿನವರಿಗೂ ಹುಟ್ಟುತ್ತಲೇ ಬಂದದ್ದಲ್ಲ, ಷೇಕ್ಸ್‌ಪಿಯರನ ಕಾಲದಲ್ಲಿ, 400 ವರ್ಷದ ಹಿಂದೆ, ‘ಐ ನೋ ನಾಟ್’ ಎಂದೂ ಧಾರಾಳವಾಗಿ ಹೇಳುತ್ತಿದ್ದರು ಎಂದರೆ ಮಕ್ಕಳ ಮುಖ ಅರಳುತ್ತದೆ.

ಪ್ರಶ್ನೆಗೆ ಹೊಸ ಪಾಠವೇ ಬೇಕಾಗಲಿಲ್ಲ. ಕನ್ನಡದಲ್ಲಿ ಪ್ರಶ್ನೆ ಬಾಲದಲ್ಲಿರುತ್ತದೆ: ಬರ್ತಾಳಾ, ತಿಂತಾನಾ. ಇಂಗ್ಲಿಷಿನಲ್ಲಿ ಅದು ತಲೆಯಲ್ಲಿ. ಟೇಪು ಕಟ್ಟಿಕೊಂಡ ಡಸ್ ನಡೆದುಹೋಗಿ ಶೀ ಮುಂದೆ ನಿಂತರೆ ಆಯಿತು: ಡಸ್ ಶೀ ಈಟ್ ರೈಸ್? ತೊಡಕಾದದ್ದು ಎಲ್ಲಿ, ಯಾವಾಗ, ಏನು ಬಂದಾಗ. ‘ವೇರ್ ಹೀ ಗೋಸ್?’ ಎಂದೇ ಎಲ್ಲರೂ ಬರೆಯುತ್ತಿದ್ದರು. ಇದೂ ಕನ್ನಡದ ನೆರಳೇ. ‘ಎಲ್ಲಿ ಹೋಗ್ತಾನೆ?’ ಎಂಬಲ್ಲಿ ‘ಎಲ್ಲಿ’ ಬಂದಮೇಲೆ ಬಾಲದ ‘ಆ’ ಬೇಕಿಲ್ಲ, ‘ಎಲ್ಲಿ ಹೋಗ್ತಾನಾ’ ಅನ್ನುವುದಿಲ್ಲ. ಅದೇ ಅಭ್ಯಾಸದಲ್ಲಿ ಡಸ್ ಕೈಬಿಡುತ್ತಾರೆ. ಇಂಗ್ಲಿಷಿಗೆ ಎರಡೂ ಬೇಕು: ವೇರ್ ಡಸ್ ಹೀ ಗೋ? ಕೆಲಸ ಮಾಡುವವರು ಯಾರು ಎಂದೇ ಕೇಳುವಾಗ ಮಾತ್ರ ಡಸ್ ಬೇಡ: ಹೂ ಮಿಲ್ಕ್ಸ್ ದ ಕೌ? ಶೀ ನಿಂತಿದ್ದ ಜಾಗದಲ್ಲೇ ಹೂ ಬಂದು ನಿಂತಿದೆ. ಯಾರೂ ಕದಲಬೇಕಿಲ್ಲ, ಟೇಪು ಕ್ರಿಯಾಪದದ ಕೈಯಲ್ಲೇ ಇರುತ್ತದೆ.

ಮನೆಗೆಲಸಕ್ಕೆ ‘ನಿಮ್ಮ ಮನೇಲಿ ಯಾರು ಏನು ಮಾಡಲ್ಲ, ಬದಲಿಗೆ ಏನು ಮಾಡ್ತಾರೆ’ ಎಂದು ಬರೆಯಲು ಹೇಳುತ್ತೇನೆ. ಬಂದ ವಾಕ್ಯಗಳು ಹೀಗಿವೆ: ‘ಮೈ ಗ್ರ್ಯಾಂಡ್‌ಮದರ್ ಡಸ್ ನಾಟ್ ಈಟ್ ರೈಸ್ ಅಟ್ ನೈಟ್. ಶೀ ಈಟ್ಸ್ ಮುದ್ದೆ.’ ‘ಮೈ ಫಾದರ್ ಡಸ್ ನಾಟ್ ಸೆಲ್ ಟೊಮ್ಯಾಟೊ ಇನ್ ಕೋಲಾರ್. ಹೀ ಸೆಲ್ಸ್ ಇನ್ ಮದನಪಲ್ಲಿ.’ ಡಸ್ ನಾಟ್ ಪಕ್ಕದ ಸಾಲಿನಲ್ಲೇ ಎಸ್ ಇರುವ ವಾಕ್ಯ ಬರೆದಾಗ ಟೇಪು ಹೋಗಿ ಬಂದದ್ದು ಕಣ್ಣಿಗೇ ಕಾಣುತ್ತದೆ.

ಕೊನೆಯದೊಂದು, ನನಗೆ ನೋವು ಕೊಟ್ಟದ್ದು. ಓದು ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳು ಕೋಲಾರದ ಕಡೆಯ ಫ್ಯಾಕ್ಟರಿಯೊಂದಕ್ಕೆ ಇಂಟರ್‌ವ್ಯೂಗೆ ಹೋದಳು. ‘ಡೋಂಟ್ ಯು ಹ್ಯಾವ್ ಎ ಬಸ್ ಫ್ರಮ್ ಯುವರ್ ವಿಲೇಜ್?’ ಎಂದು ಕೇಳಿದರಂತೆ. ಊರಿಗೆ ಬೆಳಗಿನ ಬಸ್ಸಿಲ್ಲ. ಅವಳು ‘ಯೆಸ್ ಸರ್’ ಅಂದಳು. ‘ಬಸ್ ಇಲ್ವಾ?’ ಎಂದರೆ ನಾವು ‘ಹೂಂ, ಇಲ್ಲ’ ಅನ್ನುತ್ತೇವಲ್ಲ, ಆ ಹೂಂ ಅದು. ಅವರು ಬಸ್ ಇದೆ ಎಂದು ಬರೆದುಕೊಂಡರು. ಕೆಲಸ ಸಿಕ್ಕಿತು, ಕಂಪನಿ ವ್ಯಾನಿನ ಪಟ್ಟಿಯಲ್ಲಿ ಹೆಸರಿರಲಿಲ್ಲ. ಮೊದಲ ತಿಂಗಳು ನಸುಕಿನಲ್ಲಿ ಅವಳ ಅಪ್ಪ ಸೈಕಲ್ಲಿನಲ್ಲಿ ಮೇನ್ ರೋಡಿನವರೆಗೆ ಬಿಟ್ಟುಬರುತ್ತಿದ್ದರು. ವ್ಯಾಕರಣದ ಒಂದು ಮಾತನ್ನು ನಾನು ಕಲಿಸದೆ ಬಿಟ್ಟದ್ದಕ್ಕೆ ಆ ಮನೆ ಅಷ್ಟು ತೊಂದರೆ ಪಟ್ಟಿತು ಎಂಬುದನ್ನು ನಾನು ಮರೆತಿಲ್ಲ.

ನಮ್ಮ ಹೂಂ ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ಯೆಸ್, ನೋ ಪ್ರಶ್ನೆ ಹೇಗಿದೆ ಎಂದು ನೋಡುವುದೇ ಇಲ್ಲ, ಸಂಗತಿ ಏನಿದೆ ಎಂದಷ್ಟೇ ನೋಡುತ್ತವೆ. ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಹಿಂದೆಯೇ ‘ಐ ಡು’ ಅಥವಾ ‘ಐ ಡೋಂಟ್’ ಸೇರಿಸಿಬಿಟ್ಟರೆ ಅನುಮಾನಕ್ಕೆ ಜಾಗವಿಲ್ಲ.

ಈಗ ಪ್ರತಿ ಸೋಮವಾರ ಹಾಜರಿ ಮುಗಿದ ಮೇಲೆ ಐದು ನಿಮಿಷ ಬರೀ ಇದೇ. ಬೆಂಚಿನಿಂದ ಬೆಂಚಿಗೆ ಹೋಗಿ ಕೇಳುತ್ತೇನೆ. ‘ಡೋಂಟ್ ಯು ಹ್ಯಾವ್ ಎ ಪೆನ್?’ ‘ಯೆಸ್ ಮಿಸ್, ಐ ಡು.’ ‘ಡಸಂಟ್ ಯುವರ್ ಕೌ ಗಿವ್ ಮಿಲ್ಕ್?’ ‘ನೋ ಮಿಸ್, ಇಟ್ ಡಸಂಟ್.’ ಆಮೇಲೆ ಹುಡುಗ ಕನ್ನಡದಲ್ಲಿ ಸೇರಿಸುತ್ತಾನೆ: ‘ಗಬ್ಬ ಆಗಿದೆ ಮಿಸ್, ಇನ್ನೆರಡು ತಿಂಗಳಿಗೆ ಕರು ಹಾಕ್ತದೆ.’