ಮಾಸ್ಕ್ ಹಾಕಿದ ರೋಗಿಯನ್ನು ಬೋರಲು ಮಲಗಿಸುವುದು: ನನ್ನ ಅನುಭವ

ಪ್ರಜ್ಞೆ ತಪ್ಪಿಸಿ ವೆಂಟಿಲೇಟರಿಗೆ ಹಾಕಿದ ರೋಗಿಯನ್ನು ನಾಲ್ಕೈದು ಜನ ಸೇರಿ ಬೋರಲು ಮಲಗಿಸುವುದು ನನಗೆ ರೂಢಿಯಾಗಿತ್ತು. ಬೈಪ್ಯಾಪ್ (ಒತ್ತಡದಿಂದ ಗಾಳಿ ನೂಕುವ ಯಂತ್ರ) ಮಾಸ್ಕಿನಲ್ಲಿ ಏದುಸಿರು ಬಿಡುತ್ತಾ ಎಚ್ಚರವಾಗಿರುವವರನ್ನು ಮಲಗಿಸುವುದು ಬೇರೆಯೇ ಕೆಲಸವೆಂದು ಮೊದಲ ಪ್ರಯತ್ನದಲ್ಲೇ ತಿಳಿಯಿತು. ಏನನ್ನೂ ವಿವರಿಸದೆ ತಿರುಗಿಸಿದ್ದರಿಂದ ಆ ರೋಗಿ ಹತ್ತು ನಿಮಿಷದೊಳಗೆ ಗಾಬರಿಗೊಂಡು, ಮಾಸ್ಕ್ ಕಿತ್ತು ಎದ್ದು ಕುಳಿತರು.

ಈಗ ಮೊದಲು ಮಾತು, ಆಮೇಲೆ ದಿಂಬು. ಅಂಗಾತ ಮಲಗಿದಾಗ ಹೃದಯ ಮತ್ತು ಹೊಟ್ಟೆಯ ಭಾರ ಶ್ವಾಸಕೋಶದ ಬೆನ್ನಿನ ಕಡೆಯ ಭಾಗವನ್ನು ಅದುಮುತ್ತದೆ. ರಕ್ತ ಹೆಚ್ಚು ಹರಿಯುವುದೂ ಆ ಭಾಗದಲ್ಲೇ ಆದ್ದರಿಂದ, ಬೋರಲಾದಾಗ ಅದು ಅರಳಿ ಗಾಳಿ ತುಂಬಿಕೊಂಡರೆ ಆಮ್ಲಜನಕ ಏರುತ್ತದೆ. ಇಷ್ಟನ್ನು ಸರಳವಾಗಿ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಊಟವಾದ ಕೂಡಲೇ ಮಲಗಿಸುವುದಿಲ್ಲ, ಮಾಸ್ಕಿನೊಳಗೆ ವಾಂತಿಯಾದರೆ ಅಪಾಯ. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬಿಟ್ಟು, ನಡುವೆ ಹೊಟ್ಟೆಯ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳುತ್ತೇನೆ. ಮಾಸ್ಕಿನ ಕೊಳವೆಯನ್ನು ತಲೆಯ ಕಡೆಯಿಂದ ಹಾಯಿಸಿ, ಇಸಿಜಿ ತಂತಿಗಳನ್ನು ಬೆನ್ನಿಗೆ ಅಂಟಿಸುತ್ತೇವೆ. ಗಾಳಿ ಸೋರುವ ಅಲಾರಂ ಹೊಡೆದರೆ ಪಟ್ಟಿ ಬಿಗಿಯುವ ಮೊದಲು ಗಲ್ಲದ ಬಳಿ ದಿಂಬಿನ ಅಂಚು ಮಾಸ್ಕನ್ನು ಎತ್ತುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಬಿಗಿಯುತ್ತಾ ಹೋದರೆ ಮೂಗಿನ ಮೇಲೆ ಹುಣ್ಣಾಗುವುದಷ್ಟೇ ಲಾಭ.

ಬೋರಲು ಮಲಗಿಸುವುದರ ಬಗ್ಗೆ 2013ರಲ್ಲಿ ಬಂದ ಪ್ರೊಸೇವಾ ಅಧ್ಯಯನದ, ಒಂದು ಬಾರಿಗೆ ಕನಿಷ್ಠ 16 ಗಂಟೆಯ ಲೆಕ್ಕ ವೆಂಟಿಲೇಟರಿನ ಮೇಲಿದ್ದವರದ್ದು. ಎಚ್ಚರವಿರುವವರಿಂದ ಅದನ್ನು ನಿರೀಕ್ಷಿಸಲಾಗದು. ಹೈ ಫ್ಲೋ ಆಮ್ಲಜನಕದಲ್ಲಿದ್ದ (ಮೂಗಿನ ಮೂಲಕ ರಭಸವಾಗಿ ಹರಿಸುವುದು) ಸುಮಾರು 1,100 ಕೋವಿಡ್ ರೋಗಿಗಳ 2021ರ ಅಧ್ಯಯನದಲ್ಲಿ ಗಂಟಲಿಗೆ ಕೊಳವೆ ಹಾಕಬೇಕಾದ ಅಥವಾ ಸಾವಿಗೀಡಾದವರ ಪ್ರಮಾಣ, ಎಚ್ಚರವಿದ್ದಾಗಲೇ ಬೋರಲು ಮಲಗಿಸದ ಗುಂಪಿನಲ್ಲಿ ಶೇಕಡಾ 46 ಇದ್ದರೆ, ಮಲಗಿಸಿದ ಗುಂಪಿನಲ್ಲಿ 40 ಇತ್ತು. ದಿನಕ್ಕೆ ಎಂಟು ಗಂಟೆ ಮೀರಿ ಮಲಗಿದವರಲ್ಲಿ ಫಲ ಇನ್ನೂ ಚೆನ್ನಾಗಿತ್ತಾದರೂ, ಅಷ್ಟು ಹೊತ್ತು ಮಲಗಬಲ್ಲವರು ಮೊದಲೇ ಕೊಂಚ ಗಟ್ಟಿಯಾಗಿದ್ದಿರಬಹುದು ಎಂಬ ಸಂದೇಹ ನನ್ನದು.

ನನ್ನ ದೊಡ್ಡ ತಪ್ಪು ಬೇರೆ. ಒಬ್ಬರ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 86ರಿಂದ 95ಕ್ಕೆ ಏರಿದ್ದನ್ನು ಕಂಡು ನಿಶ್ಚಿಂತನಾದೆ. ಆದರೆ ಉಸಿರಾಟ ನಿಮಿಷಕ್ಕೆ 38ರಲ್ಲೇ ನಿಂತಿತ್ತು. ಪ್ರತಿ ಉಸಿರಿಗೂ ಕತ್ತಿನ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದುದು, ಅವರು ಮುಖ ಕೆಳಗೆ ಮಾಡಿದ್ದರಿಂದ, ನನ್ನ ಕಣ್ಣಿಗೆ ಬೀಳಲಿಲ್ಲ. ಕೊಳವೆ ಹಾಕುವ ಹೊತ್ತಿಗೆ ಅವರು ಪೂರ್ತಿ ಬಳಲಿದ್ದರು. ಈಗ ಮಾನಿಟರಿನ ಅಂಕಿಯನ್ನು ನೆಚ್ಚದೆ, ಹಾಸಿಗೆಯ ಪಕ್ಕ ಬಗ್ಗಿ, ಬೆನ್ನಿನ ಮೇಲೆ ಕೈಯಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇನೆ. ಒಂದು ಗಂಟೆಯಲ್ಲಿ ಅದು ಇಳಿಯದಿದ್ದರೆ ಕೊಳವೆ ಹಾಕುವ ಟ್ರೇ ತರಲು ಹೇಳುತ್ತೇನೆ, ಸ್ಯಾಚುರೇಷನ್ ಎಷ್ಟೇ ಇರಲಿ.